ಕಂಟೋನ್ಮೆಂಟ್‌ನಿಂದ ರಿಂಗ್ ರೋಡಿಗೆ: ಶ್ರೀನಿಧಿ ಶೆಟ್ಟಿ ಮತ್ತು ಬೆಂಗಳೂರಿನ ಕಿರೀಟಗಳು

ಬೆಂಗಳೂರಿನ ಚರಿತ್ರೆ ಅಂತ ಹೇಳಿಕೊಂಡು ಈ ಸಲ ಸಿನಿಮಾ ನಟಿಯೊಬ್ಬರ ಹೆಸರು ಹಾಕಿದೀನಿ. ಕೆಲವರು ಹುಬ್ಬೇರಿಸ್ತೀರಿ, ಗೊತ್ತು. ಆದರೆ ಒಂದು ಊರಲ್ಲಿ ಹೆಣ್ಣುಮಕ್ಕಳು ಯಾವ ಯಾವ ದಾರಿಯಿಂದ ಬಂದು ಏನೇನಾದರು ಅನ್ನೋದು ಕೂಡ ಚರಿತ್ರೆಯೇ. ಅದರಲ್ಲೂ ನಾನು ಕೂತು ಮಾತಾಡ್ತಿರೋದು ಬೆಳ್ಳಂದೂರಲ್ಲಿ. ಇಲ್ಲಿ ಬೆಳಗ್ಗೆ ಎಂಟೂವರೆಗೆ ಇಕೋಸ್ಪೇಸ್ ಕಡೆ ನಡೆಯೋ ಹುಡುಗಿಯರ ಸಾಲು ನೋಡಿದರೆ, ಕಥೆ ಎಲ್ಲಿಂದ ಶುರು ಮಾಡಬೇಕು ಅಂತ ಹೆಚ್ಚು ಯೋಚನೆ ಮಾಡಬೇಕಾಗಿಲ್ಲ.

2016ರ ಡಿಸೆಂಬರ್ 2. ಪೋಲೆಂಡ್ ದೇಶದ ದಕ್ಷಿಣಕ್ಕೆ, ಬೆಟ್ಟಗಳ ನಡುವೆ, ಕ್ರಿನಿತ್ಸಾ ಅನ್ನೋ ಒಂದು ಚಿಕ್ಕ ಊರು. ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದ ಜಾಗ. ಅಲ್ಲಿ ಆ ರಾತ್ರಿ ಮಿಸ್ ಸುಪ್ರಾನ್ಯಾಷನಲ್ ಸ್ಪರ್ಧೆಯ ಕಿರೀಟ 24 ವರ್ಷದ ಶ್ರೀನಿಧಿ ಶೆಟ್ಟಿ ತಲೆ ಮೇಲೆ ಕೂತಿತು. ಮೂಲ್ಕಿ–ಕಿನ್ನಿಗೋಳಿ ಕಡೆಯ ತುಳು ಮನೆತನ. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಪಿಯುಸಿ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಇದೇ ಊರಲ್ಲಿ ಆಕ್ಸೆಂಚರ್ ಕಂಪನಿಯಲ್ಲಿ ಕೆಲಸ. ಆ ಕೆಲಸದ ಜೊತೆಜೊತೆಗೇ ಮಾಡೆಲಿಂಗ್.

ನಮ್ಮೂರಲ್ಲಿ ಈ ಸುದ್ದಿ ಎಷ್ಟು ಜನಕ್ಕೆ ತಲುಪಿತು ಅಂತ ಕೇಳಬೇಡಿ. ನೋಟು ರದ್ದಾಗಿ ಇನ್ನೂ ತಿಂಗಳಾಗಿರಲಿಲ್ಲ, ಎಲ್ಲರೂ ಎಟಿಎಂ ಮುಂದೆ ಕ್ಯೂನಲ್ಲಿದ್ದರು. ಮೂರು ದಿನಕ್ಕೆ ಚೆನ್ನೈನಲ್ಲಿ ಜಯಲಲಿತಾ ತೀರಿಕೊಂಡರು. ಮೇಲುಕೋಟೆಯಲ್ಲಿ ಹುಟ್ಟಿ, ನಟಿಯಾಗಿ, ಮುಖ್ಯಮಂತ್ರಿಯಾದವರು. ಆ ವಾರ ಪತ್ರಿಕೆಗಳ ಮುಖಪುಟದಲ್ಲಿ ಬೇರೆ ಯಾವ ನಟಿಗೂ ಜಾಗ ಇರಲಿಲ್ಲ, ಇನ್ನೂ ನಟಿಯಾಗದವರಿಗಂತೂ ಇಲ್ಲವೇ ಇಲ್ಲ.

ಮಿಸ್ ಸುಪ್ರಾನ್ಯಾಷನಲ್ ಅಂದ್ರೆ ಮಿಸ್ ವರ್ಲ್ಡ್, ಮಿಸ್ ಯುನಿವರ್ಸ್‌ನಷ್ಟು ಹಳೆಯದಲ್ಲ, ಅಷ್ಟು ದೊಡ್ಡದೂ ಅಲ್ಲ. 2009ರಲ್ಲಿ ಪೋಲೆಂಡ್‌ನಲ್ಲಿ ಶುರುವಾದದ್ದು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಚಾನೆಲ್‌ಗಳು ಎಲ್ಲ ಕಿರೀಟಕ್ಕೂ ‘ವಿಶ್ವ ಸುಂದರಿ’ ಅಂತ ಒಂದೇ ಪಟ್ಟಿ ಹಾಕ್ತವೆ. ನನಗೆ ಮುಖ್ಯ ಅನ್ನಿಸೋದು ಸ್ಪರ್ಧೆಯ ಗಾತ್ರ ಅಲ್ಲ. ಆ ಹುಡುಗಿ ಬಂದ ದಾರಿ.

ಮೊದಲು ಈ ಊರಿನ ಸುಂದರಿಯರು ಎಲ್ಲಿಂದ ಬರ್ತಿದ್ದರು? ಲಾರಾ ದತ್ತಾ ಅವರನ್ನೇ ತಗೊಳ್ಳಿ. 2000ದ ಮಿಸ್ ಯುನಿವರ್ಸ್. ಹುಟ್ಟಿದ್ದು ಗಾಜಿಯಾಬಾದ್‌ನಲ್ಲಿ, ಬೆಳೆದದ್ದು, ಓದಿದ್ದು ಬೆಂಗಳೂರಲ್ಲಿ. ತಂದೆ ವಾಯುಪಡೆಯ ವಿಂಗ್ ಕಮಾಂಡರ್. ಶಾಲೆ ಹಲಸೂರಿನ ಫ್ರಾಂಕ್ ಆಂಥೊನಿ. ಅಂದ್ರೆ ಪೂರಾ ಕಂಟೋನ್ಮೆಂಟ್ ಹುಡುಗಿ. ಆ ಕಾಲದ ಬೇರೆ ಕಿರೀಟಗಳನ್ನ ನೋಡಿದರೂ ಹೀಗೇ. ಸುಷ್ಮಿತಾ ಸೇನ್ ತಂದೆಯೂ ವಾಯುಪಡೆಯವರು, ಪ್ರಿಯಾಂಕಾ ಚೋಪ್ರಾ ಅಪ್ಪ ಅಮ್ಮ ಇಬ್ಬರೂ ಸೇನೆಯ ವೈದ್ಯರು. ಊರೂರು ವರ್ಗವಾಗಿ ಸುತ್ತಿದ, ಮೆಸ್ ಪಾರ್ಟಿಗಳಲ್ಲಿ ಅಪರಿಚಿತರ ಜೊತೆ ಇಂಗ್ಲಿಷಲ್ಲಿ ಸಲೀಸಾಗಿ ಮಾತಾಡಿ ಅಭ್ಯಾಸ ಇದ್ದ ಮಕ್ಕಳು. ಸ್ಪರ್ಧೆಯಲ್ಲಿ ಕೇಳ್ತಿದ್ದದ್ದು ಬಹುಮಟ್ಟಿಗೆ ಅದನ್ನೇ. ಸೌಂದರ್ಯ ಸ್ಪರ್ಧೆ ಅಂತ ಹೆಸರು, ಅರ್ಧಕ್ಕರ್ಧ ಮಾತಿನ ಪರೀಕ್ಷೆ.

ಈ ಊರಿಗೆ ಮತ್ತು ಈ ಕಿರೀಟಗಳಿಗೆ ಮುಖಾಮುಖಿ ಜಗಳ ಆದದ್ದು 1996ರಲ್ಲಿ. ನಲವತ್ತು ದಾಟಿದವರಿಗೆ ನೆನಪಿರುತ್ತೆ. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ಮಿಸ್ ವರ್ಲ್ಡ್ ಸ್ಪರ್ಧೆಯನ್ನ ಬೆಂಗಳೂರಿಗೆ ತಂದಿತು. ದೇವೇಗೌಡರು ಪ್ರಧಾನಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ. ವಿರೋಧ ಎಂಥದ್ದು ಅಂದ್ರೆ, ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದೇ ಕಡೆ ನಿಂತರು. ಹೆಣ್ಣನ್ನು ಸರಕು ಮಾಡ್ತಿದ್ದಾರೆ ಅಂತ ಎಡಪಂಥೀಯ ಮಹಿಳಾ ಸಂಘಟನೆಗಳು, ಭಾರತೀಯ ಸಂಸ್ಕೃತಿ ಹಾಳಾಗ್ತಿದೆ ಅಂತ ಬಲಪಂಥೀಯರು, ಬಹುರಾಷ್ಟ್ರೀಯ ಕಂಪನಿಗಳ ಮಾರುಕಟ್ಟೆಗೆ ಇದು ಇನ್ನೊಂದು ಬಾಗಿಲು ಅಂತ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ. ಮಧುರೈನಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಪ್ರಾಣ ಕಳಕೊಂಡ. ಈಜುಡುಗೆ ಸುತ್ತನ್ನ ಸೇಶೆಲ್ಸ್ ದ್ವೀಪಕ್ಕೆ ಸಾಗಹಾಕಿದರು. ಕೊನೆಗೆ ನವೆಂಬರ್ 23ರ ರಾತ್ರಿ, ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಸಾವಿರಾರು ಪೊಲೀಸರ ಕೋಟೆ ಕಟ್ಟಿ, ಕಾರ್ಯಕ್ರಮ ಮುಗಿಸಿದರು. ಗೆದ್ದದ್ದು ಗ್ರೀಸ್‌ನ ಐರೀನ್ ಸ್ಕ್ಲಿವಾ. ಎಬಿಸಿಎಲ್ ಮುಂದೆ ದೊಡ್ಡ ನಷ್ಟಕ್ಕೆ ಬಿತ್ತು.

ಆ ವಿರೋಧವನ್ನ ಈಗ ಕೂತು ನಗೋದು ಸುಲಭ. ನಾನು ನಗಲ್ಲ. ಸರಕು ಅನ್ನೋ ಮಾತಿನಲ್ಲಿ ನಿಜ ಇತ್ತು. 1994ರಲ್ಲಿ ಸುಷ್ಮಿತಾ, ಐಶ್ವರ್ಯಾ ಇಬ್ಬರೂ ಗೆದ್ದ ಹೊತ್ತಿಗೆ ನಮ್ಮ ಮಾರುಕಟ್ಟೆ ಹೊಸದಾಗಿ ತೆರೆದುಕೊಂಡಿತ್ತು, ಕ್ರೀಮು ಶಾಂಪೂ ಕಂಪನಿಗಳಿಗೆ ಮುಖ ಬೇಕಾಗಿತ್ತು, ಮುಖ ಸಿಕ್ಕಿತು. ಆದರೆ ಆ ಗಲಾಟೆಯಲ್ಲಿ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ: ಆ ವೇದಿಕೆ ಹತ್ತೋ ಹುಡುಗಿಗೆ ಅದರಿಂದ ಏನು ಸಿಗುತ್ತೆ, ಎಷ್ಟು ದಿನ ಸಿಗುತ್ತೆ?

ತಮಾಷೆ ನೋಡಿ, ನಾಲ್ಕು ವರ್ಷದ ಮೇಲೆ ಆ ಜಗಳ ಬೆಂಗಳೂರಿನ ಹುಡುಗಿಯ ಮುಂದೆಯೇ ಬಂತು. 2000ದ ಮೇ ತಿಂಗಳು, ಸೈಪ್ರಸ್‌ನ ನಿಕೋಸಿಯಾ. ಲಾರಾ ದತ್ತಾಗೆ ಕೊನೆಯ ಸುತ್ತಲ್ಲಿ ಕೇಳಿದ ಪ್ರಶ್ನೆ ಇದು: ಹೊರಗೆ ಪ್ರತಿಭಟನೆ ನಡೀತಿದೆ, ಈ ಸ್ಪರ್ಧೆ ಹೆಣ್ಣಿಗೆ ಅವಮಾನ ಅಂತಿದ್ದಾರೆ, ಅವರು ಹೇಳ್ತಿರೋದು ತಪ್ಪು ಅಂತ ಅವರಿಗೆ ಮನವರಿಕೆ ಮಾಡಿಕೊಡಿ. ನಮ್ಮಂಥ ಹುಡುಗಿಯರಿಗೆ ಬೇಕಾದ ಕ್ಷೇತ್ರಕ್ಕೆ ಕಾಲಿಡೋಕೆ ಇದೊಂದು ವೇದಿಕೆ ಅನ್ನೋ ಅರ್ಥದಲ್ಲಿ ಅವರು ಉತ್ತರ ಕೊಟ್ಟರು, ಗೆದ್ದರು. 1996ರಲ್ಲಿ ಅವರಿಗೆ 18 ವರ್ಷ. ಉತ್ತರ ಎಲ್ಲಿಂದ ಬಂತು ಅಂತ ಊಹಿಸೋದು ಕಷ್ಟ ಅಲ್ಲ.

ಲಾರಾ ಸಿನಿಮಾಕ್ಕೆ ಹೋದರು. 2003ರಲ್ಲಿ ‘ಅಂದಾಜ್’. ಹಿಂದಿ. ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ 1997ರಲ್ಲಿ ‘ಇರುವರ್’ ಮಾಡಿದರು. ತಮಿಳು. ಅಂದ್ರೆ ಕರ್ನಾಟಕದ ನೀರು ಕುಡಿದ ಈ ಇಬ್ಬರು ದೊಡ್ಡ ಸುಂದರಿಯರೂ ಕನ್ನಡ ಚಿತ್ರರಂಗದ ಬಾಗಿಲು ತಟ್ಟಲಿಲ್ಲ. ಅಥವಾ ನಮ್ಮವರು ಅವರ ಬಾಗಿಲು ತಟ್ಟಲಿಲ್ಲ.

ಕನ್ನಡ ಸಿನಿಮಾಗೆ ನಾಯಕಿಯರು ಬರ್ತಿದ್ದ ದಾರಿಯೇ ಬೇರೆ. ಮೊದಲು ನಾಟಕ ಕಂಪನಿ. ಗುಬ್ಬಿ ಕಂಪನಿಯ ಬಿ. ಜಯಮ್ಮ, ರಂಗಭೂಮಿಯಿಂದ ಬಂದ ಪಂಡರೀಬಾಯಿ, ಲೀಲಾವತಿ. ಬಿ. ಸರೋಜಾದೇವಿಯವರನ್ನ ಹೊನ್ನಪ್ಪ ಭಾಗವತರು ಗುರುತಿಸಿ 1955ರಲ್ಲಿ ‘ಮಹಾಕವಿ ಕಾಳಿದಾಸ’ಕ್ಕೆ ಕರೆತಂದರು. ಅವರೆಲ್ಲ ಮಾತು, ಹಾಡು, ಹೆಜ್ಜೆ ಕಲಿತು ಬಂದವರು. ಕಿರೀಟ ಹೊತ್ತು ಕನ್ನಡಕ್ಕೆ ಬಂದವರಲ್ಲಿ ನಿಜಕ್ಕೂ ಅಲೆ ಎಬ್ಬಿಸಿದವರು ಅಂದ್ರೆ ಜೂಹಿ ಚಾವ್ಲಾ. 1984ರ ಮಿಸ್ ಇಂಡಿಯಾ. 1987ರಲ್ಲಿ ರವಿಚಂದ್ರನ್ ‘ಪ್ರೇಮಲೋಕ’. ಹಿಂದಿಯ ‘ಕಯಾಮತ್ ಸೆ ಕಯಾಮತ್ ತಕ್’ ಬಂದದ್ದು ಅದರ ಮರುವರ್ಷ, 1988ರಲ್ಲಿ. ಬಾಂಬೆ ಹುಡುಗಿಯನ್ನ ದೇಶಕ್ಕಿಂತ ಒಂದು ವರ್ಷ ಮೊದಲೇ ನಾವು ತಲೆ ಮೇಲೆ ಹೊತ್ತು ಕುಣಿದೆವು. ಕಾಲೇಜು, ಬೈಕು, ಹಂಸಲೇಖ, ಆ ಕಥೆ ಇನ್ನೊಂದು ಎಪಿಸೋಡ್‌ಗೆ ಇಟ್ಟುಕೊಳ್ಳೋಣ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ, ಫಿಲಿಪ್ಪೀನ್ಸ್‌ಗೆ. ಯಾಕಂದ್ರೆ ಕಿರೀಟದಿಂದ ಸಿನಿಮಾಕ್ಕೆ ನೇರ ರಸ್ತೆ ಹಾಕಿಕೊಂಡ ದೇಶ ಅದು. ಅಮೆರಿಕನ್ನರ ಆಳ್ವಿಕೆಯಲ್ಲಿ, 1908ರಿಂದಲೇ, ಮನಿಲಾ ಕಾರ್ನಿವಲ್ ಅನ್ನೋ ಜಾತ್ರೆಯಲ್ಲಿ ರಾಣಿಯರನ್ನ ಆರಿಸ್ತಿದ್ದರು. ಅದಕ್ಕಿಂತ ಹಳೆಯದು ಮೇ ತಿಂಗಳ ಸಾಂತಾಕ್ರೂಸನ್ ಮೆರವಣಿಗೆ. ಹಳ್ಳಿಹಳ್ಳಿಯಲ್ಲೂ ಊರ ಹುಡುಗಿಯರು ರಾಣಿ ಹೆಲೆನಾಳ ವೇಷದಲ್ಲಿ ಹೂವಿನ ಕಮಾನಿನ ಕೆಳಗೆ ನಡೀತಾರೆ. ನಮ್ಮಲ್ಲಿ ತೇರು ಇದ್ದ ಹಾಗೆ. ಹೀಗಾಗಿ ಅಲ್ಲಿ ಸೌಂದರ್ಯ ಸ್ಪರ್ಧೆ ಹೊರಗಿಂದ ಬಂದದ್ದು ಅಂತ ಯಾರಿಗೂ ಅನ್ನಿಸಲ್ಲ, ಚರ್ಚಿನಂಗಳದಿಂದ ಎದ್ದು ಬಂದದ್ದು.

1969ರ ಜುಲೈ 19ರಂದು ಗ್ಲೋರಿಯಾ ಡಿಯಾಸ್ ಮಿಸ್ ಯುನಿವರ್ಸ್ ಆದರು, ಆ ದೇಶಕ್ಕೆ ಮೊದಲ ಸಲ. ಮರುದಿನ ಮನುಷ್ಯ ಚಂದ್ರನ ಮೇಲೆ ಇಳಿದ. ಅವರಿಗೆ ಕೇಳಿದ ಪ್ರಶ್ನೆಯೂ ಚಂದ್ರನಿಂದ ಒಬ್ಬ ನಿಮ್ಮೂರಿಗೆ ಬಂದಿಳಿದರೆ ಏನು ಉಪಚಾರ ಮಾಡ್ತೀರಿ ಅಂತ! ಐದು ವರ್ಷಕ್ಕೆ ಸಿನಿಮಾ ನಾಯಕಿ. ಆ ಮೊದಲ ಚಿತ್ರದ ಹೆಸರನ್ನ ಕನ್ನಡಕ್ಕೆ ತಂದರೆ ‘ಭೂಮಿಯ ಮೇಲಿನ ಅತಿ ಸುಂದರ ಪ್ರಾಣಿ’ ಅಂತಾಗುತ್ತೆ. ಹೆಸರಲ್ಲೇ ಕಿರೀಟವನ್ನ ಟಿಕೆಟ್ ಮಾಡಿ ಮಾರಿದ್ದರು. ಆದರೂ ಅದು ಅವರ ಚಿತ್ರ, ಕಥೆ ಅವರ ಸುತ್ತ ಇತ್ತು. ಐದು ದಶಕ ದಾಟಿದರೂ ಅವರು ನಟನೆ ಬಿಡಲಿಲ್ಲ, ನಾಯಕಿ ಆಯ್ತು, ತಾಯಿ ಪಾತ್ರ ಆಯ್ತು, ಧಾರಾವಾಹಿ ಆಯ್ತು. ಕಿರೀಟ ಒಂದು ವರ್ಷದ್ದು, ಕೆಲಸ ಐವತ್ತು ವರ್ಷದ್ದು. ಹಾಗೆ ಆಗೋಕೆ ಒಂದು ಕಾರಣ ಅಂದ್ರೆ, ಅಲ್ಲಿನ ಚಿತ್ರರಂಗಕ್ಕೆ ಕಿರೀಟ ಹೊತ್ತವರನ್ನ ಏನು ಮಾಡಬೇಕು ಅಂತ ಗೊತ್ತಿತ್ತು.

ಆ ದೇಶಕ್ಕೂ ನಮ್ಮ ಹುಡುಗಿಯರಿಗೂ ವಿಚಿತ್ರ ನಂಟು. 1994ರಲ್ಲಿ ಸುಷ್ಮಿತಾ ಗೆದ್ದದ್ದು ಮನಿಲಾದಲ್ಲಿ. 2014ರಲ್ಲಿ, ಅದೇ ಪೋಲೆಂಡ್‌ನ ಕ್ರಿನಿತ್ಸಾದಲ್ಲಿ, ಫಿಲಿಪ್ಪೀನ್ಸ್‌ನ ಮುತ್ಯ ದಾತುಲ್ ತನ್ನ ಕಿರೀಟ ತೆಗೆದು ಇಟ್ಟದ್ದು ನಮ್ಮ ಭದ್ರಾವತಿಯ ಹುಡುಗಿಯ ತಲೆ ಮೇಲೆ. ಹೆಸರು ಆಶಾ ಭಟ್.

ಈಗ ನಮ್ಮ ಕಥೆಗೆ ವಾಪಸ್ ಬಂದೆವು. ಆಶಾ ಭಟ್, ಭದ್ರಾವತಿ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಪಿಯುಸಿ, ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಮಿಸ್ ಸುಪ್ರಾನ್ಯಾಷನಲ್ ಗೆದ್ದ ಮೊದಲ ಭಾರತೀಯಳು. ಎರಡು ವರ್ಷದ ಮೇಲೆ ಶ್ರೀನಿಧಿ, ಎರಡನೆಯವರು. ಅದೇ ಎರಡೂ ವರ್ಷ ಮಿಸ್ ಯುನಿವರ್ಸ್‌ಗೆ ಭಾರತದಿಂದ ಹೋದವರು ಯಾರು? 2014ಕ್ಕೆ ನೊಯೊನಿತಾ ಲೋಧ್, 2016ಕ್ಕೆ ರೋಷ್ಮಿತಾ ಹರಿಮೂರ್ತಿ. ಇಬ್ಬರೂ ಬೆಂಗಳೂರಿನವರು. ರೋಷ್ಮಿತಾ ಸ್ಪರ್ಧಿಸಿದ್ದು, ಮತ್ತೆ ನೋಡಿ, ಮನಿಲಾದಲ್ಲಿ, 2017ರ ಜನವರಿಯಲ್ಲಿ. ತೀರ್ಪುಗಾರರ ಸಾಲಲ್ಲಿ ಸುಷ್ಮಿತಾ ಸೇನ್ ಕೂತಿದ್ದರು.

1996ರಲ್ಲಿ ಕಿರೀಟ ಬೇಡ ಅಂತ ಬೀದಿಗಿಳಿದ ಊರು ಇಪ್ಪತ್ತು ವರ್ಷದೊಳಗೆ ಹೀಗೆ ಸಾಲಾಗಿ ಹುಡುಗಿಯರನ್ನ ಕಳಿಸೋಕೆ ಶುರು ಮಾಡಿದ್ದು ಹೇಗೆ? ನನ್ನ ಉತ್ತರ, ಹಾಸ್ಟೆಲ್ಲು ಮತ್ತು ಪಿಜಿ. ಕೇಳೋಕೆ ಸಪ್ಪೆ ಅನ್ನಿಸುತ್ತೆ, ಇರಲಿ.

ಬೆಳ್ಳಂದೂರು 1996ರಲ್ಲಿ ಕೆರೆ, ಹೊಲ, ಗ್ರಾಮ ಪಂಚಾಯಿತಿ. ಬಿಬಿಎಂಪಿಗೆ ಸೇರಿದ್ದೇ 2007ರಲ್ಲಿ. ಆ ಹೊತ್ತಿಗೆ ರಿಂಗ್ ರೋಡ್ ಬಂದು, ಟೆಕ್ ಪಾರ್ಕ್‌ಗಳು ಎದ್ದು, ಹಳೆ ಮನೆಗಳ ಮೇಲೆ ಮೂರು ನಾಲ್ಕು ಅಂತಸ್ತು ಏರಿ ‘ಲೇಡೀಸ್ ಪಿಜಿ’ ಬೋರ್ಡು ಬಿದ್ದಿತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯೂ ಅದೇ. ಕಿನ್ನಿಗೋಳಿ, ಭದ್ರಾವತಿ, ಹಾಸನ, ಗದಗದ ಅಪ್ಪ ಅಮ್ಮ ಮಗಳನ್ನ ಒಂಟಿಯಾಗಿ ಬೆಂಗಳೂರಿಗೆ ಕಳಿಸೋಕೆ ಒಪ್ಪಿದ್ದು ಎಂಜಿನಿಯರಿಂಗ್ ಹೆಸರಲ್ಲಿ. ಮಾಡೆಲಿಂಗ್ ಅಂತ ಹೇಳಿ ಹೊರಟಿದ್ದರೆ ಎಷ್ಟು ಜನ ಬಸ್ ಹತ್ತುತ್ತಿದ್ದರು? ಡಿಗ್ರಿ ಮನೆಯವರಿಗೆ ಕೊಟ್ಟ ಮಾತು, ಸಂಬಳ ಕೈಯಲ್ಲಿರೋ ಧೈರ್ಯ. ಆ ಎರಡರ ಮೇಲೆ ನಿಂತು ಶನಿವಾರ ಭಾನುವಾರ ಆಡಿಷನ್‌ಗೆ ಹೋಗಬಹುದು, ಸೋತರೆ ಸೋಮವಾರ ಲಾಗಿನ್ ಆಗಬಹುದು. ಶ್ರೀನಿಧಿ 2015ರಲ್ಲಿ ಮಣಪ್ಪುರಂ ಮಿಸ್ ಸೌತ್ ಇಂಡಿಯಾ ಸ್ಪರ್ಧೆಯಲ್ಲಿ ಮಿಸ್ ಕರ್ನಾಟಕ ಆದರು, 2016ರಲ್ಲಿ ಮಿಸ್ ದಿವಾದಲ್ಲಿ ಸುಪ್ರಾನ್ಯಾಷನಲ್‌ಗೆ ಆಯ್ಕೆಯಾದರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದು. ಕಂಟೋನ್ಮೆಂಟ್ ಮಕ್ಕಳಿಗೆ ಮನೆಯಿಂದಲೇ ಬಂದಿದ್ದ ಆ ಸಲೀಸು ಮಾತು, ನಿಲುವು, ಈ ಹುಡುಗಿಯರು ಕ್ಯಾಂಪಸ್‌ನಲ್ಲಿ, ಆಫೀಸ್‌ನ ಮೀಟಿಂಗ್‌ಗಳಲ್ಲಿ ಕಲಿತು ಸಂಪಾದಿಸಿದ್ದು ಅಂತ ನಾನು ನಂಬ್ತೀನಿ.

ಗೆದ್ದಾಯ್ತು. ಮುಂದೆ?

ಮುಂದೆ ಕೆಜಿಎಫ್. ಪ್ರಶಾಂತ್ ನೀಲ್ ನಿರ್ದೇಶನ, ಹೊಂಬಾಳೆ ಫಿಲ್ಮ್ಸ್ ನಿರ್ಮಾಣ, ಯಶ್ ನಾಯಕ. ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ ಐದು ಭಾಷೆಗಳಲ್ಲಿ ಬಂತು. ಕನ್ನಡ ಸಿನಿಮಾಕ್ಕೆ ಅದು ಏನು ಮಾಡಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಎರಡನೇ ಭಾಗ 2020ರ ಅಕ್ಟೋಬರ್‌ಗೆ ಅಂತ ಇತ್ತು, ಕೊರೊನಾ ಬಂತು, 2021ರ ಜುಲೈ ಅಂದರು, ಅದೂ ಆಗಲಿಲ್ಲ, ಕೊನೆಗೆ 2022ರ ಏಪ್ರಿಲ್ 14. ಗಳಿಕೆ ಸಾವಿರ ಕೋಟಿ ದಾಟಿತು.

ಈಗ ಬೆರಳು ಮಡಚಿ ಲೆಕ್ಕ ಹಾಕಿ. ಕಿರೀಟ 2016ರ ಡಿಸೆಂಬರ್. 2022ರ ಏಪ್ರಿಲ್ ತನಕ, ಅಂದ್ರೆ ಐದು ವರ್ಷ ನಾಲ್ಕು ತಿಂಗಳಲ್ಲಿ ತೆರೆ ಮೇಲೆ ಕಂಡದ್ದು ಎರಡು ಚಿತ್ರ, ಒಂದೇ ಪಾತ್ರ: ರೀನಾ ದೇಸಾಯಿ. 24ರಿಂದ 29ರ ವಯಸ್ಸು. ನಮ್ಮಲ್ಲಿ ನಾಯಕಿಯರಿಗೆ ಚಿತ್ರರಂಗ ಕೊಡೋ ವಯಸ್ಸೇ ಅಷ್ಟು, ಅದೂ ದೊಡ್ಡ ಮನಸ್ಸು ಮಾಡಿದರೆ. ಆ ರೀನಾಗಾದರೂ ಏನಿತ್ತು? ಮೊದಲ ಭಾಗದಲ್ಲಿ ಶ್ರೀಮಂತ ಮನೆಯ ಜಂಬದ ಹುಡುಗಿ, ನಾಯಕ ಪ್ರೀತಿಸಬೇಕು, ಅದಕ್ಕೆ ಇದ್ದಾಳೆ. ಎರಡನೇ ಭಾಗದಲ್ಲಿ ಹೆಂಡತಿ, ಗರ್ಭಿಣಿ, ಕೊನೆಗೆ ಗುಂಡಿಗೆ ಬಲಿ. ಅವಳ ಸಾವು ನಾಯಕನ ಕೋಪಕ್ಕೆ ಬೇಕಾಗಿತ್ತು. ಅದೇ ಚಿತ್ರದಲ್ಲಿ ಹೆಣ್ಣು ಪಾತ್ರಗಳಿಗೆ ಬರವಣಿಗೆ ಇರಲಿಲ್ಲ ಅಂತಲ್ಲ. ಅರ್ಚನಾ ಜೋಯಿಸ್ ಮಾಡಿದ ತಾಯಿ ಇಡೀ ಕಥೆಯ ಬೆನ್ನೆಲುಬು. ರವೀನಾ ಟಂಡನ್ ಪ್ರಧಾನಿಯಾಗಿ ಒಂದು ನೋಟದಲ್ಲಿ ತೆರೆ ತುಂಬ್ತಾರೆ. ಮಾಳವಿಕಾ ಅವಿನಾಶ್ ಪ್ರಶ್ನೆ ಕೇಳ್ತಾ ಕೂತೇ ಕಥೆ ಎಳೀತಾರೆ. ನಾಯಕಿ ಅನ್ನೋ ಕುರ್ಚಿಯೊಂದೇ ಖಾಲಿ. ಅದರಲ್ಲಿ ಅಂತರರಾಷ್ಟ್ರೀಯ ಕಿರೀಟ ಗೆದ್ದ ಎಂಜಿನಿಯರ್ ಒಬ್ಬರನ್ನ ಕೂರಿಸಿದ್ದರು.

ಇದು ಅವರೊಬ್ಬರ ಕಥೆಯಾಗಿದ್ದರೆ ಅದೃಷ್ಟ ಅಂತ ಬಿಡಬಹುದಿತ್ತು. ಆಶಾ ಭಟ್ ಮೊದಲ ಚಿತ್ರ ಹಿಂದಿಯ ‘ಜಂಗ್ಲೀ’, 2019. ಕನ್ನಡದಲ್ಲಿ 2021ರ ‘ರಾಬರ್ಟ್’, ದರ್ಶನ್ ನಾಯಕ, ತರುಣ್ ಸುಧೀರ್ ನಿರ್ದೇಶಕ. ಅದಾದ ಮೇಲೆ ತೆಲುಗಿನ ‘ಓರಿ ದೇವುಡಾ’. ‘ರಾಬರ್ಟ್’ ದೊಡ್ಡ ಹಿಟ್. ಅದರಲ್ಲಿ ನಾಯಕಿಯ ಹೆಸರೇನು ಅಂತ ನಾಲ್ಕು ಜನರನ್ನ ಕೇಳಿ ನೋಡಿ. ಭದ್ರಾವತಿಯಿಂದ ಬಂದು, ಕನ್ನಡ ಮಾತಾಡೋ, ತೆರೆಗೆ ಒಗ್ಗೋ ಹುಡುಗಿಗೆ ನಮ್ಮವರು ಬರೆದದ್ದು ಅಷ್ಟೇ. ಕನ್ನಡ ಬರೋ ನಾಯಕಿಯರೇ ಸಿಗಲ್ಲ ಅಂತ ಗಾಂಧಿನಗರದಲ್ಲಿ ಗೊಣಗೋದು ನಾನು ಚಿಕ್ಕಂದಿನಿಂದ ಕೇಳ್ತಿದೀನಿ. ಸಿಕ್ಕಾಗ ಏನು ಮಾಡಿದರು ಅಂತಲೂ ಕೇಳಬೇಕಲ್ಲ.

ಶ್ರೀನಿಧಿ ಐಟಿಗೆ ವಾಪಸ್ ಹೋಗಲಿಲ್ಲ. ಕೆಜಿಎಫ್ ಎರಡನೇ ಭಾಗ ಬಂದ ವರ್ಷವೇ, ಆಗಸ್ಟ್ 31ಕ್ಕೆ, ತಮಿಳಿನ ‘ಕೋಬ್ರಾ’. ವಿಕ್ರಂ ಎದುರು. ಚಿತ್ರ ನಿಲ್ಲಲಿಲ್ಲ. ಆಮೇಲೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಏನೂ ಇಲ್ಲ. ಸಾವಿರ ಕೋಟಿ ಚಿತ್ರದ ನಾಯಕಿಗೆ ಇಷ್ಟು ಉದ್ದದ ಅಂತರ! ನಾಯಕನಿಗೆ ಹಾಗಾದರೆ ಅದನ್ನ ‘ಆಯ್ಕೆಯಲ್ಲಿ ಎಚ್ಚರಿಕೆ’ ಅಂತ ಬರೀತೀವಿ, ನಾಯಕಿಗೆ ಆದರೆ ‘ಎಲ್ಲಿ ಹೋದರು?’ ಅಂತ.

2025ರ ಮೇ 1ಕ್ಕೆ ತೆಲುಗಲ್ಲಿ ‘ಹಿಟ್: ದಿ ಥರ್ಡ್ ಕೇಸ್’ ಬಂತು. ನಾನಿ ನಾಯಕ, ಶೈಲೇಶ್ ಕೊಲನು ನಿರ್ದೇಶಕ. ಶ್ರೀನಿಧಿಯ ಮೃದುಲ ಇಲ್ಲಿ ಬರೀ ಮದುವೆಯಾಗೋ ಹುಡುಗಿ ಅಲ್ಲ, ಕಥೆ ಒಳಗೆ ಅವಳಿಗೂ ಒಂದು ಕೆಲಸ ಇದೆ. ನೋಡದವರಿಗೆ ಅದಕ್ಕಿಂತ ಹೆಚ್ಚು ಹೇಳಲ್ಲ. ಅದೇ ವರ್ಷ ಅಕ್ಟೋಬರ್ 17ಕ್ಕೆ ‘ತೆಲುಸು ಕದಾ’. ಸಿದ್ಧು ಜೊನ್ನಲಗಡ್ಡ ಜೊತೆ, ರಾಶಿ ಖನ್ನಾ ಇನ್ನೊಬ್ಬ ನಾಯಕಿ. ನಿರ್ದೇಶಕಿ ನೀರಜಾ ಕೋನ. ವರ್ಷಗಟ್ಟಲೆ ತಾರೆಯರಿಗೆ ಉಡುಪು ವಿನ್ಯಾಸ ಮಾಡಿದವರು, ನಿರ್ದೇಶನಕ್ಕೆ ಇದು ಮೊದಲು. ಎರಡು ಹೆಣ್ಣು ಪಾತ್ರಗಳ ನಡುವೆಯೇ ಕಥೆ ನಿಂತಿರೋ ಚಿತ್ರ. ಅದರಲ್ಲಿ ಶ್ರೀನಿಧಿಗೆ ಕೂತು ಮಾತಾಡೋ, ವಾದ ಮಾಡೋ, ಸುಮ್ಮನಿರೋ ದೃಶ್ಯಗಳಿವೆ. ರೀನಾಗೆ ಸಿಗದೇ ಹೋದದ್ದು ಇವೇ. ಪಾತ್ರ ಸಿಕ್ಕರೆ ಆಕೆ ಏನು ಮಾಡಬಲ್ಲರು ಅನ್ನೋದಕ್ಕೆ ನಾನು ಮೊದಲು ತೋರಿಸೋದು ಈ ಎರಡು ತೆಲುಗು ಚಿತ್ರಗಳನ್ನೇ, ಕೆಜಿಎಫ್ ಅನ್ನಲ್ಲ.

ಲೆಕ್ಕ ಹಾಕಿದರೆ, ಕಿರೀಟ ಗೆದ್ದು ಒಂಬತ್ತನೇ ವರ್ಷದಲ್ಲಿ ಈ ಪಾತ್ರಗಳು ಬಂದವು, ಹೈದರಾಬಾದ್‌ನಿಂದ. 2018ರಿಂದ 2025ರ ತನಕ ಬಿಡುಗಡೆಯಾದ ಐದು ಚಿತ್ರಗಳಲ್ಲಿ ಕನ್ನಡದವು ಎರಡು. ಆ ಎರಡರಲ್ಲೂ ಇರೋದು ರೀನಾ ಒಬ್ಬಳೇ.